ಪರಶುವಿನ ಡ್ರೈವು, ಅಕ್ಬರಸಾಬರ ಪದ

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಎದುರು ಸ್ಟುಡಿಯೋ ಇಟ್ಟಿರುವ ಪರಶುವಿನ ಬಾಯಿಗೆ ಬೀಳದವರು ಊರಲ್ಲಿ ಯಾರೂ ಉಳಿದಿಲ್ಲ. ಕರೆಂಟು ಹೋದರೆ ಕಂಬಕ್ಕೆ ಬೈಯುತ್ತಾನೆ. ಬಸ್ಸು ಧೂಳೆಬ್ಬಿಸಿದರೆ ಡ್ರೈವರನ ಅಜ್ಜ ಮುತ್ತಜ್ಜರನ್ನೆಲ್ಲ ಎಬ್ಬಿಸಿ ಬೈಯುತ್ತಾನೆ. ಆದರೂ ಸವಡಿ, ನರೇಗಲ್ ಕಡೆಯಿಂದ ಮದುವೆ ಶೂಟಿಂಗಿಗೆ ಜನ ಅವನನ್ನೇ ಹುಡುಕಿಕೊಂಡು ಬರುತ್ತಾರೆ. ಕೈ ಚಲೋ, ಬಾಯಿ ಹೊಲಸು ಎಂದು ಮೊದಲೇ ಒಪ್ಪಿಕೊಂಡು ಬರುತ್ತಾರೆ.

ಈಚೆಗೆ ಅವನಿಗೆ ಹೊಸ ಕೆಲಸವೊಂದು ಗಂಟುಬಿದ್ದಿತ್ತು. ಒಂದು ಕಾಲಕ್ಕೆ ಅವನೇ ಮಾಡಿಕೊಟ್ಟ ಮದುವೆಯ ಡಿಸ್ಕುಗಳು ಮನೆಮನೆಯ ಟ್ರಂಕಿನಲ್ಲಿ ಕುಳಿತಿದ್ದವು. ಅವನ್ನು ಹಾಕಿ ನೋಡುವ ಪ್ಲೇಯರುಗಳು ಗುಜರಿ ಸೇರಿ ಎಷ್ಟೋ ಕಾಲವಾಗಿತ್ತು. "ಮೊಬೈಲಿಗೆ ಹಾಕಿಕೊಡ್ರಿ" ಎಂದು ಜನ ಡಿಸ್ಕು ಹಿಡಿದು ಬರತೊಡಗಿದರು. ಪರಶುವಿನ ಹೊಸ ಲ್ಯಾಪ್‌ಟಾಪಿಗೆ ಡಿಸ್ಕು ಹಾಕುವ ಜಾಗವೇ ಇಲ್ಲ. ಕಡೆಗೆ ಖಾದರನ ಅಂಗಡಿಯಿಂದ, ವೈರು ಚುಚ್ಚಿ ಹೊರಗಿಟ್ಟು ಓಡಿಸುವ ಒಂದು ಡ್ರೈವು ತಂದ. ಖಾದರ ಅದೇ ಸಾಲಿನಲ್ಲಿ ಮೊಬೈಲು, ಟಿವಿ ರಿಪೇರಿ ಮಾಡುವವನು. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಒದೆ ತಿಂದವರು.

ಡ್ರೈವು ಮೊದಮೊದಲು ನೆಟ್ಟಗಿತ್ತು. ದಸರೆ ಮುಗಿದದ್ದೇ ತಡ, ಅದರೊಳಗೆ ದೆವ್ವ ಹೊಕ್ಕಿತು. ಡಿಸ್ಕು ಹಾಕಿದರೆ ಹಲ್ಲು ಕಡಿಯುವ ಹಾಗೆ ಕರಕರ ಅನ್ನುವುದು. ಅರ್ಧ ಮದುವೆ ಕಾಪಿ ಮಾಡಿ, ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ ನಿಂತುಬಿಡುವುದು. ಓರೆಯಾಗಿ ಹಿಡಿದರೆ ಓಡುವುದು, ನೆಟ್ಟಗಿಟ್ಟರೆ ಸಾಯುವುದು. ಪರಶು ಒಂದು ಮೂಲೆಗೆ ಬೆಂಕಿಪೊಟ್ಟಣ ಕೊಟ್ಟ. ಅಂದು ಓಡಿತು, ಮರುದಿನ ಎರಡು ಪೊಟ್ಟಣ ಬೇಡಿತು. ಅಂಗೈಗೆ ಬಡಿದ, ಬಾಯಿಂದ ಊದಿದ, ಅದರ ವಂಶಕ್ಕೆಲ್ಲ ಮಂಗಳಾರತಿ ಮಾಡಿದ. ನರೇಗಲ್ಲಿನ ರಾಜೇಶ್ವರಿ ತನ್ನ ಮದುವೆಯ ಡಿಸ್ಕಿನ ಮೇಲೆ ಹೊಸ ಗೆರೆ ಬಿದ್ದಿದೆ ಎಂದು ತಂದು ತೋರಿಸಿದರೆ, "ಟ್ರಂಕಿನ್ಯಾಗ ಪಾತ್ರಿ ಜೋಡಿ ಇಟ್ರ ಗೆರಿ ಬೀಳದ, ಹೂವು ಅರಳತಾವೇನ್ರಿ?" ಎಂದು ಗದರಿಸಿ ಕಳಿಸಿದ.

ಅಂಥದ್ದರಲ್ಲಿ ಒಂದು ದಿನ ಖಾದರನೇ ಒಂದು ಡಿಸ್ಕು ತಂದ. "ಅಪ್ಪಂದು," ಅಂದ.

ಖಾದರನ ಅಪ್ಪ ಅಕ್ಬರಸಾಬರು ಕೈಮಗ್ಗದವರು. ಮೊಹರಂ ಬಂದರೆ ಮಗ್ಗ ಬಿಟ್ಟು ಎದ್ದು, ಹೆಜ್ಜೆಮೇಳದ ಮುಂದೆ ನಿಂತು ರಿವಾಯತ್ ಪದ ಹಾಡುತ್ತಿದ್ದರು. ಕರ್ಬಲಾದ ಕತೆಯನ್ನು ಅವರು ಹಾಡಿದರೆ ಹಿಂದೂ ಮುಸಲ್ಮಾನರೆನ್ನದೆ ಓಣಿಯ ಹೆಂಗಸರೆಲ್ಲ ಸೆರಗಿಗೆ ಕಣ್ಣೊರೆಸುತ್ತಿದ್ದರು. ವರ್ಷಕ್ಕೊಂದು ಹೊಸ ಪದ ಕಟ್ಟುತ್ತಿದ್ದವರು ಅವರೇ, ಎಲ್ಲೂ ಬರೆದಿಟ್ಟವರಲ್ಲ. ಅವರು ತೀರಿಕೊಂಡಾಗ ಪದವೂ ಅವರ ಜೊತೆಗೇ ಹೋಯಿತು. ಉಳಿದದ್ದು ಒಂದು ಮೊಹರಂ ರಾತ್ರಿ ಪರಶು ಶೂಟಿಂಗ್ ಮಾಡಿ ಡಿಸ್ಕಿಗೆ ಹಾಕಿಕೊಟ್ಟಿದ್ದಷ್ಟೇ. ಮೂಲ ಟೇಪಿನ ಮೇಲೆ ಪರಶು ಮರುತಿಂಗಳೇ ಬೇರೆಯವರ ಮದುವೆ ಹೊಡೆದಿದ್ದ. ಆಗ ಸ್ಟುಡಿಯೋದವರೆಲ್ಲ ಮಾಡುತ್ತಿದ್ದುದೇ ಹಾಗೆ.

"ಈ ಸಲ ಮೊಹರಂಕ್ಕ ಮೇಳದವ್ರು ಕಲೀತೀವಿ ಅಂದಾರ. ಇದೊಂದ ಐತಿ ನೋಡಪಾ, ಹುಷಾರಿ."

"ನನಗ ಹೇಳಾಕ ಬಂದಿಯೇನಲೇ? ಇದನ್ನ ಮಾಡಿದಾಂವ ನಾನ."

ಖಾದರ ಹೋದ ಮೇಲೆ ಪರಶು ಡಿಸ್ಕು ಹಾಕಿದ. ಕರ್ ಅಂತು, ನಿಂತಿತು. ತೆಗೆದು ಅಂಗಿಯ ತುದಿಗೆ ಒರೆಸಿ ಮತ್ತೆ ಹಾಕಿದ. ಮತ್ತೆ ಕರ್ ಅಂತು. ಪಿತ್ತ ನೆತ್ತಿಗೇರಿತು. ಬೇರೆ ಯಾರಾದರೂ ಆಗಿದ್ದರೆ ಬಿಟ್ಟೆದ್ದು ಒಂದು ಕಪ್ಪು ಚಹಾ ಕುಡಿದು ಬರುತ್ತಿದ್ದರು. ಇವನದು ಆ ಜಾತಿಯೇ ಅಲ್ಲ. ಒಂದು ತಗಡಿನ ಡಬ್ಬಿ ತನ್ನನ್ನು ಸೋಲಿಸುವುದೆಂದರೇನು? ಮಧ್ಯಾಹ್ನವೆಲ್ಲ ಅದನ್ನು ಎಡಕ್ಕೆ ಓರೆ ಮಾಡಿ, ಬಲಕ್ಕೆ ಓರೆ ಮಾಡಿ, ಮೇಲೆ ಕೈಯೂರಿ ಒತ್ತಿ ಹಿಡಿದು ಓಡಿಸಿದ. ಕರಕರ ಹೆಚ್ಚಾದಷ್ಟೂ ಇವನ ಹಟವೂ ಹೆಚ್ಚಾಯಿತು. ಅಕ್ಬರಸಾಬರು ಪರದೆಯ ಮೇಲೆ ಒಮ್ಮೆ ಮಾತ್ರ ಬಂದರು, ಬಾಯಿ ತೆರೆದರು, ಹಾಗೇ ಚೂರುಚೂರು ಚೌಕಗಳಾಗಿ ಒಡೆದುಹೋದರು. ಆಮೇಲೆ ಅಷ್ಟೂ ಬರಲಿಲ್ಲ.

ಪರಶು ಎದ್ದವನೇ ಖಾದರನ ಅಂಗಡಿಗೆ ನುಗ್ಗಿದ. ಗಿರಾಕಿಗಳು ನಿಂತಿದ್ದರು, ಪಕ್ಕದ ಚಹಾದಂಗಡಿಯಲ್ಲಿ ನಾಲ್ಕು ಮಂದಿ ಕುಳಿತಿದ್ದರು. ಯಾರನ್ನೂ ಲೆಕ್ಕಿಸಲಿಲ್ಲ.

"ಎಂಥಾ ಡಕೋಟಾ ಮಾಲ ಕೊಟ್ಟೀಯಲೇ? ದೋಸ್ತಗ ಟೋಪಿ ಹಾಕಾಕ ನಾಚಿಕಿ ಬರಲಿಲ್ಲೇನು ನಿನಗ?"

"ಮಾಲ ಚಲೋ ಐತಿ ಪರಶು. ನೀ ಬಡದು ಬಡದು ಕೆಡಿಸಿರಬೇಕು."

"ನಾ ಕೆಡಿಸೀನಿ? ಕೇಳ್ರಿ ಇಲ್ಲೆ! ಇವ್ರಪ್ಪ ಹಾಡಿ ಗಳಿಸಿದ ಹೆಸರನ್ನ ಇಂವ ಕಳ್ಳ ಮಾಲ ಮಾರಿ ಕಳಿಯಾಕತ್ತಾನ!"

ಖಾದರನ ಮುಖ ಕಪ್ಪಿಟ್ಟಿತು. "ಅಪ್ಪನ ಹೆಸರ ತಗೀಬ್ಯಾಡ," ಅಂದ. ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ನೋಡಿದರು. ಪರಶು ಗೆದ್ದವನಂತೆ ತಿರುಗಿ ಬಂದ.

ಆದರೂ ಸಿಟ್ಟು ಇಳಿಯಲಿಲ್ಲ. ಡ್ರೈವನ್ನು ಬಿಚ್ಚಿ, ಒಳಗಿನ ಕೊಳಕು ತೋರಿಸಿ, ಖಾದರನ ಮುಖದ ಮೇಲೆ ಎಸೆಯಬೇಕೆಂದು ಸ್ಕ್ರೂಡ್ರೈವರ್ ಹಿಡಿದು ಕುಳಿತ. ಮೇಲಿನ ತಗಡು ಎತ್ತಿದರೆ ಒಳಗೆ ಅಕ್ಕಿಕಾಳು. ಅರಿಶಿಣ ಹಚ್ಚಿದ, ಕುಂಕುಮ ಮೆತ್ತಿದ ಅಕ್ಕಿಕಾಳು. ಎರಡು ಮೂಲೆಗೆ ಸಿಕ್ಕಿಕೊಂಡಿದ್ದವು, ಉಳಿದವು ಅಲುಗಿಸಿದರೆ ಅತ್ತಿತ್ತ ಉರುಳುತ್ತಿದ್ದವು.

ತಾಯಿ ಗಾಳೆವ್ವ ಸ್ಟುಡಿಯೋದ ಹೊಸ್ತಿಲ ಹತ್ತಿರ ಕುಳಿತು ಶೇಂಗಾ ಸುಲಿಯುತ್ತಿದ್ದಳು.

"ಯವ್ವಾ, ಇದರಾಗ ಅಕ್ಕಿಕಾಳು ಯಾರ ಹಾಕಿದ್ರು?"

"ನಾನ. ದಸರಿಗೆ ಖಂಡೇಪೂಜಿ ದಿನ ನಿನ್ನ ಹತಾರಕ್ಕೆಲ್ಲಾ ಹಾಕಿದ್ನೆಲ್ಲ? ಇದರ ಗುಂಡಿ ಮುಟ್ಟಿದ್ರ ತಾನ ನಾಲಿಗಿ ಚಾಚಿತು. ಪಾಪ, ಇದಕೂ ಬೇಕಾಗೇತಿ ಅಂತ ಕುಂಕುಮ ಹಚ್ಚಿ ನಾಕು ಕಾಳು ಹಾಕಿದೆ. ಬಾಯಿ ಮುಚ್ಚಿಕೊಂತು. ಯಾಕಪಾ, ಪೂಜಿ ಮಾಡಬಾರದಿತ್ತೇನು?"

ಪರಶು ಡಿಸ್ಕನ್ನು ಮಗುಚಿ ಬೆಳಕಿಗೆ ಹಿಡಿದ. ಹೊಳೆಯುವ ಮೈತುಂಬ ಸುತ್ತಲೂ ಗೀರು, ಉಗುರು ತಾಗುವಷ್ಟು ಆಳ. ಕಾಳು ಹಾಕಿದವಳು ಅವ್ವ ಖರೆ, ಆದರೆ ಅವಳಿಗೆ ಏನು ಗೊತ್ತು? ಮೊದಲ ಸಲ ಕರ್ ಅಂದಾಗಲೇ ಕೈಬಿಟ್ಟಿದ್ದರೆ ಒಂದು ಗೀರಿಗೆ ಮುಗಿಯುತ್ತಿತ್ತು. ಮಧ್ಯಾಹ್ನವೆಲ್ಲ ಕುಳಿತು, ಒತ್ತಿ ಹಿಡಿದು, ಅಕ್ಬರಸಾಬರನ್ನು ಕೆರೆದು ಕೆರೆದು ತೆಗೆದವನು ತಾನೇ. ಅಷ್ಟು ಮಾಡಿ, ಹೋಗಿ ಅವರ ಮಗನಿಗೆ ಕಳ್ಳ ಅಂದು ಬಂದಿದ್ದ.

ಮರುದಿನ ಮುಂಜಾನೆ ಖಾದರನ ಅಂಗಡಿಗೆ ಹೋದ. ಖಾದರ ಇವನ ಮುಖ ನೋಡದೆ ಡಬ್ಬಿ ಒಡೆಯದ ಹೊಸ ಡ್ರೈವೊಂದನ್ನು ಟೇಬಲ್ಲಿನ ಮೇಲೆ ಸರಿಸಿದ. "ಇದನ್ನ ಒಯ್ಯಿ. ಅಪ್ಪಂದು ಬಂದ್ರ ಸಾಕು. ಆಮ್ಯಾಲ ನಿನ್ನ ಹಾದಿ ನಿನಗ, ನನ್ನ ಹಾದಿ ನನಗ."

ಚಪ್ಪಲಿಯಿಂದ ಹೊಡೆದಿದ್ದರೆ ಇದಕ್ಕಿಂತ ಚಲೋ ಇತ್ತು ಅನ್ನಿಸಿತು ಪರಶುವಿಗೆ. ಮೆತ್ತಗೆ ಮಾತಾಡುವುದು ಅವನಿಗೆ ಗೊತ್ತಿಲ್ಲ. ಬೈಯುವ ದನಿಯಲ್ಲೇ, ನಿನ್ನೆಯಷ್ಟೇ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಟ್ಟ. "ಮಾಲ ಚಲೋ ಇತ್ತು. ಒಳಗ ಪೂಜಿ ಅಕ್ಕಿಕಾಳು ಬಿದ್ದಿದ್ವು. ನೋಡದ ಓಡಿಸಿದಾಂವ ನಾನು. ನಿಮ್ಮಪ್ಪನ ಪದಾ ನನ್ನ ಕೈಯಾರೆ ಹಾಳ ಮಾಡೀನಿ."

ಖಾದರ ಡಿಸ್ಕು ತೆಗೆದುಕೊಂಡು ಮಗುಚಿ ನೋಡಿದ. ಹೊಸ ಡ್ರೈವಿನ ಡಬ್ಬಿ ಒಡೆದು ಅದರಲ್ಲಿ ಹಾಕಿ ನೋಡಿದ. ತನ್ನ ಹಳೆಯ ಕಂಪ್ಯೂಟರಿನಲ್ಲೂ ಹಾಕಿ ನೋಡಿದ. ಎರಡೂ ಸ್ವಲ್ಪ ಹೊತ್ತು ಸುತ್ತಿ ಡಿಸ್ಕನ್ನು ಹೊರಕ್ಕೆ ತಳ್ಳಿದವು. ಅವನು ಬೈಯಲಿಲ್ಲ. ಬೈದಿದ್ದರೆ ಪರಶು ಬದುಕಿಕೊಳ್ಳುತ್ತಿದ್ದ.

"ಶೂಟಿಂಗ್ ಮಾಡಿದಾಂವ ನೀನ ಹೌದಲ್ಲೊ," ಅಂದ ಖಾದರ. "ಹೊತ್ತ ಹೊಂಡೂ ಮಟಾ ಅಪ್ಪನ ಎದುರಿಗೆ ನಿಂತಿದ್ದಿ. ಒಂದ ಸಾಲ ಹೇಳು. ಹಾಡಬ್ಯಾಡ, ಬರೇ ಹೇಳು. ನಾನು ಆವತ್ತು ಹುಬ್ಬಳ್ಳಿಯಾಗಿದ್ನಿ."

ಪರಶು ಬಾಯಿ ತೆರೆದ. ಅಲಾಯಿ ಗುಂಡಿಯ ಬೆಂಕಿ ನೆನಪಿಗೆ ಬಂತು, ಅದರ ಬೆಳಕು ಲೆನ್ಸಿಗೆ ಹೊಡೆಯುತ್ತಿದ್ದುದು ಬಂತು, ಅಕ್ಬರಸಾಬರ ಕೊರಳಿನ ನರ ಉಬ್ಬಿದ್ದು ಕೂಡ ಬಂತು. ಅವರ ದನಿ ಮಾತ್ರ ಬರಲಿಲ್ಲ. ಬಂದದ್ದು ತನ್ನದೇ ದನಿ, ಕ್ಯಾಮೆರಾದ ಮುಂದೆ ಸುಳಿದ ಮಂದಿಗೆಲ್ಲ ಒದರುತ್ತಿದ್ದುದು. ದೂರ ಸರೀರಿ, ಕಣ್ಣು ಕಾಣೂದಿಲ್ಲೇನು, ಅಡ್ಡ ನಿಂದರಬ್ಯಾಡ್ರಲೇ. ಬೆಳತನಕ ಅವರ ಎದುರಿಗೇ ನಿಂತು ಅವನು ಕೇಳಿಸಿಕೊಂಡದ್ದು ಅದೊಂದನ್ನೇ.

ಖಾದರ ಕಾಯ್ದ. ಹಿಂದೆ ಗಿರಾಕಿಯೊಬ್ಬಳು ಒಡೆದ ಮೊಬೈಲು ಹಿಡಿದು ಬಂದು ನಿಂತಳು.

"ಅಡ್ಡ ನಿಂದರಬ್ಯಾಡ, ಅವ್ರು ಬರಲಿ," ಅಂದ ಖಾದರ.