ಅತ್ತೆಗೆ ಅಡ್ಡ ಒಟ್ಟಿದ ಸೌದೆ

ನಮ್ಮ ಪಕ್ಕದ ಮನೆಯ ಬೌದಿಲಿಯೊ ಕೆಟ್ಟವನಲ್ಲ. ಹಾಸಿಗೆಯ ಮೇಲೆ ಪ್ರೀತಿ ತುಸು ಹೆಚ್ಚು, ಅಷ್ಟೆ. ಈ ಚಿಲೊಯೆ ದ್ವೀಪದಲ್ಲಿ ಮಳೆಯ ನೆಪಕ್ಕೆ ಬರವಿಲ್ಲವಾದ್ದರಿಂದ ಅವನ ಸಂಸಾರ ಸುಸೂತ್ರವಾಗಿಯೇ ಸಾಗಿತ್ತು. ಅವನ ಅತ್ತೆ ದೋನ್ಯಾ ಕ್ಲೊರಿಂದಾಳ ಮನೆ ಇದ್ದದ್ದು ಕಿರಿದಾದ ಕೊಲ್ಲಿಯ ಆಚೆ ದಡದಲ್ಲಿ, ನೇರ ಎದುರಿಗೆ. ನಡುವೆ ಇವನ ಅಂಗಳದಂಚಿಗೆ ನೀಲಗಿರಿ ಮರಗಳು ಸಾಲಾಗಿ, ದಟ್ಟವಾಗಿ ನಿಂತಿದ್ದವು.

ಒಂದು ಚಳಿಗಾಲ ಬಡಗಣ ಗಾಳಿಗೆ ಅದರಲ್ಲೊಂದು ಮುರಿದು ಕೋಳಿಗೂಡಿನ ಮೇಲೆ ಬಿತ್ತು. ಹೆಂಡತಿ ಎಡುವಿನಾ ಪಟ್ಟು ಹಿಡಿದಳು.

"ಇವತ್ತು ಕೋಳಿ, ನಾಳೆ ನಾವು. ಎಲ್ಲಾ ಕಡಿದು ಹಾಕು ಮಾರಾಯ. ಎರಡು ವರ್ಷ ನೀನು ಸೌದೆಗೆ ಅಂತ ಹೊರಗೆ ಹೋಗೋದೇ ಬೇಕಾಗಿಲ್ಲ."

ಕೊನೆಯ ಮಾತು ಅವನಿಗೆ ಹಿಡಿಸಿತು. ವಸಂತ ಬಂದದ್ದೇ ಗರಗಸದ ಮಷೀನು ಎರವಲು ತಂದ. ಹಗ್ಗ ಬಿಗಿದು ಎಳೆಯಲು ನಾನು ನಿಂತೆ. ಮರಗಳೆಲ್ಲ ಹೇಳಿದ ಕಡೆಗೇ ಬಿದ್ದವು. ಕೊನೆಯದು ಮಾತ್ರ ನನ್ನ ಬೇಲಿಯ ಮೇಲೆ. ಬೌದಿಲಿಯೊ ಬೆವರು ಒರೆಸಿಕೊಂಡು ದಿಮ್ಮಿಯ ಮೇಲೆ ಕುಕ್ಕರಿಸಿದ. ಆಗ ನೀರಿನ ಮೇಲಿಂದ ದನಿಯೊಂದು ತೇಲಿಬಂತು:

"ಆಗಲೇ ಕೂತ್ಬಿಟ್ಯೇನೋ ಅಳಿಯಾ?"

ತಲೆ ಎತ್ತಿದ. ಆಚೆ ದಡದಲ್ಲೊಂದು ಕಿಟಕಿ. ಕಿಟಕಿಯಲ್ಲಿ ಅತ್ತೆ.

ಅಂದಿನಿಂದ ಅವನ ನೆಮ್ಮದಿ ಹಾರಿಹೋಯಿತು. "ಹೊತ್ತು ನೆತ್ತಿಗೇರಿದೆ, ಇನ್ನೂ ಎದ್ದಿಲ್ವಾ?" "ಬಕೆಟ್ ನನ್ನ ಮಗಳು ಹೊರ್ತಾಳೆ, ನಿನ್ ಕೈಗೇನು ಲಕ್ವ ಹೊಡ್ದಿದ್ಯಾ?" ಗಾಳಿ ಜೋರಿದ್ದು ಕೂಗು ಕೇಳದ ದಿನ ತಾನೇ ದೋಣಿ ಹುಟ್ಟುಹಾಕಿಕೊಂಡು ಬರುತ್ತಿದ್ದಳು.

"ಪಾಪ, ಅಮ್ಮನಿಗೂ ಹೊತ್ತು ಹೋಗುತ್ತೆ," ಎಂದಳು ಎಡುವಿನಾ.

ಒಂದು ಬೆಳಿಗ್ಗೆ ಬೌದಿಲಿಯೊ ಕೊಡಲಿ ಹಿಡಿದ. ಮೈಮೇಲೆ ದೆವ್ವ ಬಂದವನಂತೆ ಸೀಳಿದ. ಸೀಳಿದ್ದನ್ನೆಲ್ಲ ಅಂಗಳದಂಚಿಗೇ ಒಯ್ದು ಒಟ್ಟತೊಡಗಿದ.

"ಅಡುಗೆಮನೆ ಹತ್ರ ಬಿಟ್ಟು ಅಲ್ಲಿ ಯಾಕೋ?" ಎಂದೆ.

"ಅಲ್ಲಿ ಗಾಳಿ ಚೆನ್ನಾಗಿ ಆಡುತ್ತೆ."

ಆಚೆಯಿಂದ ಅತ್ತೆ ಹುರಿದುಂಬಿಸಿದಳು: "ಭಲೇ ಅಳಿಯಾ! ಒಟ್ಟು, ಇನ್ನೂ ಮೇಲಕ್ಕೆ ಒಟ್ಟು!"

ಅವನು ಒಟ್ಟಿದ. ಮೊದಲು ಅವಳ ಕಿಟಕಿ ಮರೆಯಾಯಿತು, ಆಮೇಲೆ ಸೂರು. ಮಂಡಿನೋವು ಶುರುವಾಗಿ ಅವಳು ದೋಣಿ ಹತ್ತುವುದೂ ನಿಂತಿತ್ತು. ಆ ಗೋಡೆಯ ಹಿಂದೆ ಬೇಸಿಗೆಯಿಡೀ ಅವನು ರಾಜನಂತೆ ಮಲಗಿದ.

ಆದರೆ ಸೌದೆ ಇರುವುದು ಉರಿಸುವುದಕ್ಕೆ. ಚಳಿಗಾಲ ಬಂದಾಗ ಎಡುವಿನಾ ಬುಟ್ಟಿ ಹಿಡಿದು ಹೊರಟಳು.

"ಬೇಡ್ವೇ, ಇನ್ನೂ ಹಸಿ ಇದೆ!"

"ಹಸಿಯಂತೆ ಹಸಿ! ಒಂದಕ್ಕೊಂದು ತಾಗಿಸಿದ್ರೆ ಟಣ್ ಅನ್ನುತ್ತೆ."

ಆ ಸೌದೆ ಉಳಿಸಿಕೊಳ್ಳಲು ಅವನು ಮಳೆಯಲ್ಲಿ ದಡಕ್ಕೆ ಬಂದ ಕೊರಡು ಹೊತ್ತ, ಕಾಡಿನಲ್ಲಿ ಪುರಲೆ ಆಯ್ದ. ಜೀವಮಾನದಲ್ಲಿ ಅಷ್ಟು ದುಡಿದಿರಲಿಲ್ಲ. ಆದರೂ ನಮ್ಮ ಕಡೆ ಚಳಿಗಾಲ ಮುಗಿಯುತ್ತ ಬರುವ ಆಗಸ್ಟ್ ಹೊತ್ತಿಗೆ ಗೋಡೆ ಎದೆಮಟ್ಟಕ್ಕಿಳಿದು, ಅಂಗಳದಲ್ಲಿ ಬಗ್ಗಿಕೊಂಡು ಓಡಾಡುವ ಗತಿ ಬಂತು. ಹಾಗೆ ಬಗ್ಗಿದ್ದವನು ಒಂದು ಬೆಳಿಗ್ಗೆ ಕತ್ತು ಚಾಚಿ ನೋಡಿ ನೆಟ್ಟಗೆ ನಿಂತುಬಿಟ್ಟ.

"ಎಡುವಿನಾ, ಅತ್ತೆ ಮನೇಲಿ ಹೊಗೆ ಕಾಣ್ತಿಲ್ಲ ಕಣೇ."

ದೋಣಿ ಹತ್ತಿದವನು ಆಚೆ ದಡ ಮುಟ್ಟುವವರೆಗೂ ಒಂದೇ ಸಮನೆ ಹುಟ್ಟು ಹಾಕಿದ. ಅತ್ತೆ ಇದ್ದಬದ್ದ ಕಂಬಳಿಗಳನ್ನೆಲ್ಲ ಸುತ್ತಿಕೊಂಡು ತಣ್ಣಗಾದ ಒಲೆಯ ಮುಂದೆ ಕೂತಿದ್ದಳು. ಸೌದೆ ಮುಗಿದಿತ್ತು.

"ಕೂಗಬಾರ್ದಿತ್ತಾ ಅತ್ತೆ? ನನ್ನ ಬೈಯೋಕಾದ್ರೆ ಗಂಟಲಿರುತ್ತೆ!"

"ಕೂಗಿದ್ನಲ್ಲೋ. ನನ್ನ ಕಾಟ ತಪ್ಪಲಿ ಅಂತ ಗೋಡೆ ಕಟ್ಕೊಂಡೋನಿಗೆ ಕೇಳಿಸ್ಬೇಕಲ್ಲ."

ಬೌದಿಲಿಯೊನ ಕಿವಿ ಕೆಂಪಾಯಿತು. ಅವಳಿಗೆ ಎಲ್ಲ ಗೊತ್ತಿತ್ತು.

ಅಂದು ಮಧ್ಯಾಹ್ನವೆಲ್ಲ ಅವನು ದೋಣಿಗೆ ಸೌದೆ ತುಂಬಿದ, ದಾಟಿಸಿದ, ಅವಳ ಸೂರಿನಡಿ ಒಟ್ಟಿದ. ಅವಳು ಆಲೂಗಡ್ಡೆ ರೊಟ್ಟಿ ಸುಟ್ಟುಕೊಟ್ಟು, ಒಟ್ಟಿದ್ದು ಸೊಟ್ಟಗಿದೆ ಎಂದಳು. ನಿಜಕ್ಕೂ ಸೊಟ್ಟಗಿತ್ತು.

ಈಗ ಇಬ್ಬರ ನಡುವೆ ಬರೀ ನೀರು. ಬೆಳಗಾದರೆ ಶುರು: ಅವಳ ಮಂಡಿನೋವು, ಇವನ ಹಂದಿಮರಿ, ನಿನ್ನೆ ಹಿಡಿದ ಮೀನು. ಮೊದಲು ಅವಳೊಬ್ಬಳೇ ಕೂಗುತ್ತಿದ್ದಳು, ಈಗ ಇವನೂ ಕಲಿತಿದ್ದಾನೆ. ಪಕ್ಕದ ಮನೆಯವರಾದ ನಮಗೆ ಮಾತ್ರ ನಿದ್ದೆಯಿಲ್ಲ. ನನ್ನ ಬೇಲಿಯೂ ಇನ್ನೂ ಹಾಗೇ ಬಿದ್ದಿದೆ.