ಹಸಿ ಗೋಣಿಯೊಳಗೆ ಮೂರು ಪ್ಲೇಟು

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಮುಂಜಾನೆ ಏಳಕ್ಕೆ ಕಾಗವಾಡದ ನನ್ನ ಬ್ಯಾಟರಿ ಅಂಗಡಿಗೆ ಕೀಲಿ ಹಾಕಿ, ಹಸಿ ಗೋಣಿಯ ಗಂಟು ಬಗಲಲ್ಲಿ ಹಿಡಿದು ಬಸ್ ಹತ್ತಿದೆ. ರಾಯಬಾಗ, ಚಿಕ್ಕೋಡಿಗಳಲ್ಲಿ ಬಸ್ ಬದಲಿಸಿ ನಿಪ್ಪಾಣಿ ಮುಟ್ಟಬೇಕಿತ್ತು.

ಗಂಟಿನೊಳಗೆ ಬೆರಳುದ್ದದ ಮೂರು ಉಕ್ಕಿನ ಜಾಳಿಗೆಗಳು. ಶೇಡಬಾಳದ ರೈತರ ಮಗಳು ಸುನಂದಾ ನಿಪ್ಪಾಣಿಯ ಕಾಲೇಜೊಂದರಲ್ಲಿ ಕಲಿಸುತ್ತ ಸಂಶೋಧನೆ ಮಾಡುತ್ತಿದ್ದರು. ಕರೆಂಟು ಹರಿಯುವ ಹಸಿರು ಪಾಲಿಮರಿಗೆ ಮ್ಯಾಂಗನೀಸ್ ಆಕ್ಸೈಡು ಬೆರೆಸಿದ ಪುಡಿ ಅವರದು. ಗಳಿಗೆಯಲ್ಲಿ ಚಾರ್ಜಾಗುವ ಸೂಪರ್ ಕೆಪ್ಯಾಸಿಟರಿಗೆ ಅದನ್ನು ಜಾಳಿಗೆಗೆ ಮೆತ್ತಿದ ಪ್ಲೇಟು ಬೇಕು. ಆದರೆ ಮೆತ್ತಿದ್ದು ದ್ರಾವಣಕ್ಕೆ ಇಳಿಸಿದೊಡನೆ ಉದುರುತ್ತಿತ್ತು. ಮರುದಿನ ಅವರ ಗೈಡು ಬರುವವರಿದ್ದರು. ಈ ಸಲವೂ ಉದುರಿದರೆ ಮೂರು ವರ್ಷದ ಕೆಲಸ ಬಿಟ್ಟು ಬೇರೆ ವಿಷಯ ಹಿಡಿಯಬೇಕು ಅಂದಿದ್ದರಂತೆ.

ನಾನು ಐದನೇತ್ತೆಗೆ ಸಾಲಿ ಬಿಟ್ಟವನು. ಆದರೆ ಸೀಸದ ಪ್ಲೇಟಿಗೆ ಮೆತ್ತಿದ್ದು ಉದುರದಂತೆ ಮಾಡುವ ಕೈ ನನ್ನದು. ಹಿಂದಿನ ದಿನ, ಸುನಂದಾ ಕೊಟ್ಟುಹೋಗಿದ್ದ ಪುಡಿಯನ್ನು ಈ ಜಾಳಿಗೆಗಳಿಗೂ ಹಾಗೇ ಮೆತ್ತಿ, ಸಾವಕಾಶ ಒಣಗಲೆಂದು ಹಸಿ ಗೋಣಿಯಲ್ಲಿ ಇಟ್ಟಿದ್ದೆ.

ಬಿಸಿಲೇರಿತು. ಗಂಟಿನ ನೀರು ಪಕ್ಕದ ಮುದುಕಿಯ ಸೀರೆಗೆ ತೊಟ್ಟಿಕ್ಕಿ ಬೈಸಿಕೊಂಡೆ. ಕಂಡಕ್ಟರು ಬಗ್ಗಿ ನೋಡಿ, "ಏನ್ ಕಾಕಾ, ಮೀನೇನ?" ಅಂದ. ಉಕ್ಕಿನ ಮೀನಪಾ ಅಂದೆ. ಚಿಕ್ಕೋಡಿಯಲ್ಲಿ ಚಹಾ, ಭಜಿ ಆಯಿತು. ಒಣಗಿದ ಗೋಣಿಯನ್ನು ಸ್ಟ್ಯಾಂಡಿನ ನಳದಲ್ಲಿ ಮತ್ತೆ ತೋಯಿಸಿದೆ.

ನಿಪ್ಪಾಣಿ ಮುಟ್ಟಿದಾಗ ಒಂದು ಗಂಟೆ. ಗಾಳಿಯಲ್ಲೆಲ್ಲ ತಂಬಾಕಿನ ಘಾಟು. ಗಂಟು ಬಿಚ್ಚಿದ ಸುನಂದಾ ಅವರ ಮುಖ ಇಳಿಯಿತು.

"ಇನ್ನೂ ಹಸೀನ ಅದಾವಲ್ಲ ಕಾಕಾ. ಓವನ್ನಿನಾಗ ಇಟ್ರ ತಾಸಿನಾಗ ಒಣಗ್ತಾವ."

"ಒಂದ ಇಡ್ರಿ ಅಕ್ಕಾರ. ಎರಡ ನನಗ ಬಿಡ್ರಿ."

ಸಂಜೆಗೆ ಓವನ್ನಿನದು ಬತ್ತಿದ ಕೆರೆಯಂತೆ ಬಿರುಕು ಬಿಟ್ಟಿತ್ತು. ಉಳಿದೆರಡನ್ನು ನೆರಳಲ್ಲಿ ಗೋಣಿ ಸಡಿಲಿಸಿ ಇಟ್ಟು, ಊರಲ್ಲೇ ಇದ್ದ ತಂಗಿಯ ಮನೆಗೆ ಹೋದೆ.

ಮರುದಿನ ಗೈಡು ಅವೆರಡನ್ನು ದ್ರಾವಣಕ್ಕೆ ಇಳಿಸಿದರು. ನಾವಿಬ್ಬರೂ ಗ್ಲಾಸಿನ ತಳವನ್ನೇ ನೋಡುತ್ತ ನಿಂತೆವು. ಒಂದು ಕಣವೂ ಬೀಳಲಿಲ್ಲ. ಚಾರ್ಜು ಮಾಡಿ ವೈರು ಕಳಚಿದ ಮೇಲೂ ಸಣ್ಣ ಕೆಂಪು ದೀಪ ಉರಿಯುತ್ತಲೇ ಇತ್ತು. ಗೈಡು ಕೆಲಸ ಮುಂದುವರಿಸಿರಿ ಎಂದರು. ಆಮೇಲೆ ನನ್ನತ್ತ ತಿರುಗಿ, ಗೋಣಿಯಲ್ಲಿ ಎಷ್ಟು ತಾಸು ಇಟ್ಟಿರಿ ಎಂದು ಕೇಳಿದರು.

"ತಾಸ ನೋಡಿಲ್ರಿ ಸರ. ಬೆರಳಿನ ಹಿಂಭಾಗ ಹಚ್ಚಿದ್ರ ತಣ್ಣಗ ಹತ್ತೂದು ನಿಲ್ಲಬೇಕು. ಅಲ್ಲೀತನಕ ಇಡಬೇಕು."

ಗೈಡು ನಕ್ಕರು. ಸುನಂದಾ ನಗಲಿಲ್ಲ, ವಹಿ ತೆಗೆದು ಬರೆದುಕೊಂಡರು.

ನಾನು ಹೊರಡುವಾಗ ಸುನಂದಾ ನನ್ನ ಗೋಣಿ ಕೇಳಿ ಇಟ್ಟುಕೊಂಡರು. ಬಾಗಿಲಲ್ಲಿ ತಿರುಗಿ ನೋಡಿದೆ. ಕಣ್ಣು ಮುಚ್ಚಿ, ಬೆರಳಿನ ಹಿಂಭಾಗವನ್ನು ಹೊಸದಾಗಿ ಮೆತ್ತಿದ ಪ್ಲೇಟಿಗೆ ಹಚ್ಚಿ ನಿಂತಿದ್ದರು.