ಅದ ಬಂತು ಕಣ್ಲಾ

ನಮ್ಮ ರಾಕ್ ಬ್ಯಾಂಡಿನ ಮೊದಲ ಆಲ್ಬಮ್ಮನ್ನು ಬಸರಾಳಿನ ಹತ್ತಿರ ಒಂದು ಆಲೆಮನೆಯ ಹಿಂದಿನ ಕೋಣೆಯಲ್ಲಿ ರೆಕಾರ್ಡ್ ಮಾಡಿದೆವು. ಅಲ್ಲಿ ಬೆಲ್ಲದ ಹದ ನೋಡುತ್ತಿದ್ದ ಹಿರಿಯರೊಬ್ಬರು ಬಾಗಿಲಿಗೆ ಬಂದು ನಮ್ಮ ಹಾಡು ಕೇಳುತ್ತಿದ್ದರು. ಪಾಕ ಉರುಳಿಸಿ ನೋಡುವ ಎರಡು ಬೆರಳನ್ನು ಬರಿದೇ ಉಜ್ಜಿ, "ಇನ್ನೂ ಅದ ಬಂದಿಲ್ಲ ಕಣ್ಲಾ" ಎನ್ನುತ್ತಿದ್ದರು.

ನಾನು ಪೇಟೆಯವರಿಗೆಂದು ಒಂದೊಂದು ಹಕಾರವನ್ನೂ ಒತ್ತಿ ಹಾಡುತ್ತಿದ್ದೆ. "ಇದ್ಯಾರ್ ದನೀಲಾ? ನಿಮ್ಮವ್ವುನ್ನ ಕೂಗಂಗೆ ಆಡು" ಎಂದರೊಮ್ಮೆ.

ಕೊನೆಯ ದಿನ ಅವ್ವನನ್ನು ಕೂಗುವ ಹಾಗೆಯೇ ಹಾಡಿದೆ. ಹಾಡು ನಿಂತ ಕ್ಷಣಕ್ಕೆ ಹೊರಗಿನಿಂದ ಅವರ ಕೂಗೂ ರೆಕಾರ್ಡಾಯಿತು: "ಅದ ಬಂತು, ಇಳ್ಸ್ರಲಾ!" ಅದನ್ನು ಅಳಿಸಲಿಲ್ಲ.

ಆಲ್ಬಮ್ ಬಂದಾಗ ಅವರ ಕಿವಿಗೆ ಇಯರ್‌ಫೋನ್ ಇಟ್ಟೆ. "ಅಯ್ಯೋ, ನಾನಂದಿದ್ದು ಬೆಲ್ಲದ ಕೊಪ್ಪರಿಗೆ ಇಳ್ಸೋಕೆ ಕಣ್ಲಾ" ಎಂದು ನಾಚಿದರು. ಮತ್ತೊಮ್ಮೆ ಹಾಕಿಸಿಕೊಂಡು ಕೇಳಿದರು. ಎರಡು ಬೆರಳು ತಾವಾಗಿ ಉಜ್ಜಿಕೊಂಡವು.

"ಇರ್ಲಿ ಬುಡು. ಇದ್ಕೂ ಬಂದದೆ."